ಆಲ್ಪ್ಸ್‌ನಲ್ಲಿ ಸ್ಕೀ ಚಾರಣ: ಏರುವುದು ಹೇಗೆ, ಇಳಿಯುವುದು ಯಾವಾಗ?

ಸ್ವಿಟ್ಜರ್‌ಲೆಂಡ್ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಸಿನಿಮಾ ಹಾಡುಗಳಲ್ಲಿ ಕಂಡ ಹಿಮದ ಬೆಟ್ಟ, ಅದರ ಮೇಲೆ ತೇಲುವ ರೋಪ್‌ವೇ ತೊಟ್ಟಿಲು ಮತ್ತು ಬಣ್ಣಬಣ್ಣದ ಉಡುಪು ತೊಟ್ಟು ಜಾರುವ ಪ್ರವಾಸಿಗರು. ಆದರೆ ಆಲ್ಪ್ಸ್ ಪರ್ವತಶ್ರೇಣಿಯ ಬಹುಭಾಗದಲ್ಲಿ ರೋಪ್‌ವೇ ಇಲ್ಲ, ಸಿದ್ಧಪಡಿಸಿದ ಇಳಿಜಾರುಗಳೂ ಇಲ್ಲ. ಅಲ್ಲಿಗೆ ಹೋಗಬಯಸುವವರು ಸ್ವಂತ ಕಾಲಬಲದಿಂದ ಏರಬೇಕು, ಏರಿದ ಹಲಗೆಗಳ ಮೇಲೆಯೇ ಇಳಿಯಬೇಕು. ಇದಕ್ಕೆ ಸ್ಕೀ ಟೂರಿಂಗ್ ಎಂದು ಹೆಸರು. ಕನ್ನಡದಲ್ಲಿ ಸ್ಕೀ ಚಾರಣ ಎನ್ನಬಹುದು.

ಈ ಹವ್ಯಾಸ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಹೆಚ್ಚಾಗಿ ದುರಂತ ಸಂಭವಿಸಿದಾಗ. 2018ರ ಏಪ್ರಿಲ್ 29ರಂದು ಸ್ವಿಟ್ಜರ್‌ಲೆಂಡಿನ ಪಿನ್ಯ್ ದಾರೊಲ್ಲಾ ಶಿಖರದ ಬಳಿ 14 ಮಂದಿ ಸ್ಕೀ ಚಾರಣಿಗರು ಬಿರುಗಾಳಿಗೆ ಸಿಲುಕಿ, ರಾತ್ರಿಯಿಡೀ ಬಯಲಲ್ಲೇ ಕಳೆಯಬೇಕಾಯಿತು. ಅವರಲ್ಲಿ ಏಳು ಮಂದಿ ಸಾವನ್ನಪ್ಪಿದರು. ಮೃತರಲ್ಲಿ ಅನುಭವಿ ಪರ್ವತ ಮಾರ್ಗದರ್ಶಿಯೊಬ್ಬರೂ ಇದ್ದರು. ಅವರೆಲ್ಲ ರಾತ್ರಿ ಕಳೆದ ಜಾಗದಿಂದ ವಿನ್ಯೆಟ್ ಎಂಬ ಪರ್ವತ ತಂಗುದಾಣ ಹೆಚ್ಚು ದೂರದಲ್ಲಿರಲಿಲ್ಲ. 2024ರ ಮಾರ್ಚ್ 9ರಂದು ಝೆರ್ಮಾಟ್ ಊರಿನಿಂದ ಅರೊಲ್ಲಾ ಊರಿಗೆ ಹೊರಟ ಆರು ಮಂದಿಯ ತಂಡ ಟೆಟ್ ಬ್ಲಾಂಶ್ ಎಂಬ ಎತ್ತರದ ಬಳಿ ಬಿರುಗಾಳಿಗೆ ಸಿಲುಕಿತು. ಐವರ ದೇಹಗಳು ಸಿಕ್ಕವು. ಆರನೆಯವರಿಗಾಗಿ ನಡೆದ ಶೋಧವನ್ನು ಹಲವು ದಿನಗಳ ನಂತರ ಕೈಬಿಡಬೇಕಾಯಿತು.

ಈ ಎರಡೂ ತಂಡಗಳಲ್ಲಿದ್ದವರು ಹಿಮಕ್ಕೆ ಹೊಸಬರಾಗಿರಲಿಲ್ಲ. ಪರ್ವತ ಬಲ್ಲವರೇ ಹೀಗೆ ಬಲಿಯಾಗುವುದು ಏಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಬೇಕಾದರೆ ಸ್ಕೀ ಚಾರಣದ ಒಂದು ದಿನ ಹೇಗೆ ಸಾಗುತ್ತದೆ ಎಂಬುದನ್ನು ತಿಳಿಯಬೇಕು. ಕಾಲಿನ ಶಕ್ತಿ, ಜಾರುವ ಕೌಶಲ ಎರಡೂ ಇಲ್ಲಿ ಬೇಕು. ಆದರೆ ಅವೆರಡಕ್ಕಿಂತ ಮುಖ್ಯವಾದದ್ದು ಸಮಯದ ಲೆಕ್ಕ.

ಏನಿದು ಸ್ಕೀ ಚಾರಣ?

ಸಾಮಾನ್ಯ ಸ್ಕೀ ಕ್ರೀಡೆಯಲ್ಲಿ ಪಾದರಕ್ಷೆಯ ಮುಂಭಾಗ, ಹಿಮ್ಮಡಿ ಎರಡನ್ನೂ ಹಲಗೆಗೆ ಬಿಗಿಯಲಾಗುತ್ತದೆ. ಹಾಗೆ ಬಿಗಿದುಕೊಂಡು ಜಾರಬಹುದೇ ವಿನಾ ಏರಲಾಗದು. ಸ್ಕೀ ಚಾರಣದ ಹಲಗೆಗಳಲ್ಲಿ ಪಾದರಕ್ಷೆಯ ಮುಂತುದಿ ಮಾತ್ರ ಕೀಲಿನಂತೆ ಸಿಕ್ಕಿಕೊಂಡಿರುತ್ತದೆ. ಹಿಮ್ಮಡಿ ಬಿಡುವಾಗಿದ್ದು ಪ್ರತಿ ಹೆಜ್ಜೆಗೂ ಮೇಲೇಳುತ್ತದೆ. ಇಳಿಯುವಾಗ ಹಿಮ್ಮಡಿಯನ್ನೂ ಬಿಗಿದುಕೊಳ್ಳಲಾಗುತ್ತದೆ. ಎರಡು ಸಣ್ಣ ಪಿನ್‌ಗಳ ನಡುವೆ ಪಾದರಕ್ಷೆಯನ್ನು ಹಿಡಿದಿಡುವ ಇಂದಿನ ಹಗುರ ಸಾಧನವನ್ನು 1980ರ ದಶಕದಲ್ಲಿ ರೂಪಿಸಿದವರು ಆಸ್ಟ್ರಿಯಾದ ಫ್ರಿಟ್ಸ್ ಬಾರ್ಥೆಲ್.

ಹಲಗೆಯ ಅಡಿಭಾಗ ನುಣುಪು. ಅದು ಇಳಿಜಾರಿನಲ್ಲಿ ಹಿಂದಕ್ಕೆ ಜಾರದಿರಲು ಅಡಿಗೆ ಒಂದು ಪಟ್ಟಿಯನ್ನು ಅಂಟಿಸಲಾಗುತ್ತದೆ. ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನು ಇದಕ್ಕೆ ಬಳಸುತ್ತಿದ್ದುದರಿಂದ ಇಂದಿಗೂ ಇದನ್ನು ಸ್ಕಿನ್ ಎಂದೇ ಕರೆಯುತ್ತಾರೆ. ಈಗ ಅಂಗೋರಾ ಮೇಕೆಯ ರೋಮವಾದ ಮೊಹೇರ್ ಅಥವಾ ನೈಲಾನ್‌ನಿಂದ ಇದು ತಯಾರಾಗುತ್ತದೆ. ರೋಮಗಳೆಲ್ಲ ಹಿಮ್ಮುಖವಾಗಿ ಮಲಗಿರುತ್ತವೆ. ಬೆಕ್ಕಿನ ಬೆನ್ನು ಸವರಿದಂತೆ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಒರಟು. ಆದ್ದರಿಂದ ಹಲಗೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಸರಿಯದೆ ಕಚ್ಚಿ ನಿಲ್ಲುತ್ತದೆ. ಎತ್ತರ ತಲುಪಿದ ಮೇಲೆ ಪಟ್ಟಿಯನ್ನು ಕಿತ್ತು, ಮಡಚಿ, ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಳ್ಳುವುದು ವಾಡಿಕೆ. ಚಳಿಗೆ ಅಂಟು ಗಟ್ಟಿಯಾದರೆ ಮುಂದಿನ ಏರಿನಲ್ಲಿ ಅದು ಹಲಗೆಗೆ ಹಿಡಿಯುವುದಿಲ್ಲ. ಒಂದು ಸಣ್ಣ ಪಟ್ಟಿ ಅಂಟದೇ ಹೋದರೆ ಇಡೀ ತಂಡವೇ ನಿಂತುಹೋಗುವ ಸಂದರ್ಭಗಳಿವೆ.

ಷಮೊನಿಯಿಂದ ಝೆರ್ಮಾಟ್‌ಗೆ

ಆಲ್ಪ್ಸ್‌ನ ಸ್ಕೀ ಚಾರಣ ಮಾರ್ಗಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಓಟ್ ರೂಟ್, ಅಂದರೆ ಎತ್ತರದ ಹಾದಿ. ಫ್ರಾನ್ಸ್‌ನ ಷಮೊನಿಯಿಂದ ಸ್ವಿಟ್ಜರ್‌ಲೆಂಡಿನ ಝೆರ್ಮಾಟ್‌ವರೆಗಿನ ಈ ಹಾದಿ ಸುಮಾರು 120 ಕಿ.ಮೀ. ಉದ್ದವಿದ್ದು, ಪೂರೈಸಲು ಸಾಮಾನ್ಯವಾಗಿ ಆರೇಳು ದಿನ ಬೇಕು. 19ನೇ ಶತಮಾನದ ಮಧ್ಯಭಾಗದಲ್ಲಿ ಬ್ರಿಟಿಷ್ ಪರ್ವತಾರೋಹಿಗಳು ಬೇಸಿಗೆಯಲ್ಲಿ ಕಾಲ್ನಡಿಗೆಯಿಂದ ಇದನ್ನು ರೂಪಿಸಿದರು. ಸ್ಕೀ ಹಲಗೆಗಳ ಮೇಲೆ ಇಲ್ಲಿ ಸಾಗುವ ಪ್ರಯತ್ನಗಳು 20ನೇ ಶತಮಾನದ ಆರಂಭದಲ್ಲೇ ಶುರುವಾದವು. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಇದರ ಮುಖ್ಯ ಋತು.

ದಾರಿಯುದ್ದಕ್ಕೂ ರಾತ್ರಿ ತಂಗಲು ಪರ್ವತ ತಂಗುದಾಣಗಳಿವೆ. 1863ರಲ್ಲಿ ಸ್ಥಾಪನೆಯಾದ ಸ್ವಿಸ್ ಆಲ್ಪೈನ್ ಕ್ಲಬ್ ಒಂದೇ ದೇಶದಾದ್ಯಂತ ಇಂತಹ ಸುಮಾರು 150 ತಂಗುದಾಣಗಳನ್ನು ನಡೆಸುತ್ತಿದೆ. ಸಾಲು ಮಂಚ, ಕಂಬಳಿ, ಬಿಸಿಯೂಟ ಇಲ್ಲಿ ಲಭ್ಯ. ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕಾದ ಎತ್ತರಗಳಲ್ಲಿ ಸ್ನಾನದ ಮಾತು ಎತ್ತುವಂತಿಲ್ಲ.

ಈ ಮಾರ್ಗದ ಕೊನೆಯ ದಿನವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 3,160 ಮೀಟರ್ ಎತ್ತರದಲ್ಲಿ ಬಂಡೆಯ ಏಣಿನ ಮೇಲೆ ನಿಂತಿರುವ ವಿನ್ಯೆಟ್ ತಂಗುದಾಣದಿಂದ ಹೊರಟು, ಅದೇ ದಿನ ಸುಮಾರು 1,600 ಮೀಟರ್ ಎತ್ತರದ ಝೆರ್ಮಾಟ್ ಸೇರಬೇಕು. ನಡುವೆ ಮೂರು ಕಂಡಿಗಳನ್ನು ದಾಟಬೇಕು. ಎರಡು ಶಿಖರಗಳ ನಡುವಿನ ತಗ್ಗಾದ ದಾಟುವ ಜಾಗವನ್ನು ಅಲ್ಲಿ ಕೋಲ್ ಎನ್ನುತ್ತಾರೆ, ನಮ್ಮ ಘಟ್ಟದ ಕಂಡಿಗಳಂತೆ. ಮೊದಲನೆಯದು ಕೋಲ್ ದ ಲೆವೆಕ್, ಸುಮಾರು 3,390 ಮೀ. ಎರಡನೆಯದು ಕೋಲ್ ದ್ಯು ಮೋಂ ಬ್ರುಲೆ, ಸುಮಾರು 3,210 ಮೀ. ಮೂರನೆಯದು ಕೋಲ್ ದ ವಾಲ್‌ಪೆಲ್ಲಿನ್, ಸುಮಾರು 3,560 ಮೀ. ಎರಡನೆಯ ಮತ್ತು ಮೂರನೆಯ ಕಂಡಿಗಳ ನಡುವಿನ ಹಿಮನದಿ ಇಟಲಿಗೆ ಸೇರಿದ್ದು. ಅಂದರೆ ಚಾರಣಿಗರು ಬೆಳಗಿನ ಕೆಲ ಗಂಟೆ ಬೇರೊಂದು ದೇಶದಲ್ಲಿದ್ದು ಮತ್ತೆ ಸ್ವಿಟ್ಜರ್‌ಲೆಂಡಿಗೆ ಮರಳುತ್ತಾರೆ. ಒಟ್ಟು ದೂರ ಸುಮಾರು 30 ಕಿ.ಮೀ., ಏರು ಸಾವಿರ ಮೀಟರಿಗೂ ಹೆಚ್ಚು, ಕೊನೆಯ ಇಳಿತ ಎರಡು ಸಾವಿರ ಮೀಟರಿಗೆ ಸಮೀಪ.

ಹಿಂದಿನ ಸಂಜೆಯೇ ಆರಂಭ

ಈ ದಿನ ಆರಂಭವಾಗುವುದು ಹಿಂದಿನ ದಿನ ಸಂಜೆ 5 ಗಂಟೆಗೆ. ದಾವೋಸ್‌ನಲ್ಲಿರುವ ಸ್ವಿಸ್ ಹಿಮ ಹಾಗೂ ಹಿಮಕುಸಿತ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಪ್ರತಿದಿನ ಆ ಹೊತ್ತಿಗೆ ಮರುದಿನದ ಹಿಮಕುಸಿತ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಬೆಳಿಗ್ಗೆ 8ಕ್ಕೆ ಅದನ್ನು ಪರಿಷ್ಕರಿಸಲಾಗುತ್ತದೆ. ಯಾವ ದಿಕ್ಕಿನ ಇಳಿಜಾರು, ಎಷ್ಟು ಎತ್ತರದ ಮೇಲೆ, ಯಾವ ಬಗೆಯ ಹಿಮ ಅಪಾಯಕಾರಿ ಎಂಬ ವಿವರ ಅದರಲ್ಲಿರುತ್ತದೆ.

ಅಪಾಯವನ್ನು ಐದು ಹಂತಗಳಲ್ಲಿ ಸೂಚಿಸುವ ಪದ್ಧತಿ ಯುರೋಪಿನಲ್ಲಿ 1993ರಿಂದ ಏಕರೂಪವಾಗಿ ಜಾರಿಯಲ್ಲಿದೆ. 1 ಎಂದರೆ ಅಲ್ಪ, 2 ಸಾಧಾರಣ, 3 ಗಣನೀಯ, 4 ಹೆಚ್ಚು, 5 ಅತಿ ಹೆಚ್ಚು. ಸಾಮಾನ್ಯ ಓದುಗರಿಗೆ 4 ಮತ್ತು 5ರಲ್ಲೇ ಹೆಚ್ಚು ಸಾವು ಎಂದು ಅನಿಸಬಹುದು. ವಾಸ್ತವ ಹಾಗಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಚಳಿಗಾಲದ ಸುಮಾರು ಶೇ 30ರಷ್ಟು ದಿನಗಳಲ್ಲಿ 3ನೇ ಹಂತದ ಮುನ್ಸೂಚನೆ ಇರುತ್ತದೆ. ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಸಂಭವಿಸುವುದು ಆ ದಿನಗಳಲ್ಲೇ. 4 ಅಥವಾ 5 ಎಂದಾಗ ಜನ ಮನೆಯಲ್ಲೇ ಉಳಿಯುತ್ತಾರೆ. 3 ಎಂದಾಗ ನಡುವಿನ ಸಂಖ್ಯೆ ಎಂಬ ಸಮಾಧಾನದಿಂದ ಹೊರಡುತ್ತಾರೆ.

ತಂಗುದಾಣದ ಊಟದ ಮೇಜಿನ ಮೇಲೆ ಆ ಸಂಜೆ ನಕ್ಷೆಗಳು ಬಿಚ್ಚಿಕೊಳ್ಳುತ್ತವೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳನ್ನು ಬಣ್ಣದಲ್ಲಿ ಗುರುತಿಸಿದ ನಕ್ಷೆಗಳು ಸ್ವಿಟ್ಜರ್‌ಲೆಂಡಿನಲ್ಲಿ ಲಭ್ಯ. ಸ್ವಿಸ್ ಪರ್ವತ ಮಾರ್ಗದರ್ಶಿ ವೆರ್ನರ್ ಮುಂಟರ್ ರೂಪಿಸಿದ ಮೂರು ಗುಣಿಸು ಮೂರು ಎಂಬ ಕ್ರಮವನ್ನು ಆಲ್ಪ್ಸ್‌ನಲ್ಲಿ ಬಹುತೇಕ ಎಲ್ಲರೂ ಕಲಿಯುತ್ತಾರೆ. ಹವಾಮಾನ ಮತ್ತು ಹಿಮದ ಸ್ಥಿತಿ, ಭೂಸ್ವರೂಪ, ತಂಡದ ಮನುಷ್ಯರು - ಈ ಮೂರನ್ನು ಮೂರು ಸಲ ತೂಗಿ ನೋಡಬೇಕೆಂಬುದು ಅದರ ತಿರುಳು. ಮೊದಲ ಸಲ ಮನೆ ಅಥವಾ ತಂಗುದಾಣದಲ್ಲಿ, ಎರಡನೆಯ ಸಲ ಹೊರಟ ಮೇಲೆ ಕಣ್ಣಿಗೆ ಕಾಣುವ ಪ್ರದೇಶದಲ್ಲಿ, ಮೂರನೆಯ ಸಲ ಪ್ರತಿಯೊಂದು ಇಳಿಜಾರಿನ ಬುಡದಲ್ಲಿ.

ಸಮಯದ ಲೆಕ್ಕವೂ ಅಲ್ಲೇ ನಡೆಯುತ್ತದೆ. ಇದಕ್ಕೊಂದು ಸರಳ ಸೂತ್ರವಿದೆ. ಏರುಹಾದಿಯ ಪ್ರತಿ ಕಿಲೋಮೀಟರಿಗೆ ಒಂದು ಅಂಕ, ಏರಬೇಕಾದ ಪ್ರತಿ 100 ಮೀಟರ್ ಎತ್ತರಕ್ಕೆ ಒಂದು ಅಂಕ. ಒಟ್ಟು ಅಂಕವನ್ನು ನಾಲ್ಕರಿಂದ ಭಾಗಿಸಿದರೆ ಬೇಕಾಗುವ ಗಂಟೆ ಸಿಗುತ್ತದೆ. 4 ಕಿ.ಮೀ. ದೂರ, 600 ಮೀಟರ್ ಏರು ಇದ್ದರೆ ಒಟ್ಟು ಹತ್ತು ಅಂಕ, ಅಂದರೆ ಎರಡೂವರೆ ಗಂಟೆ. ವಿಶ್ರಾಂತಿಯ ಸಮಯ ಬೇರೆ. ಹೀಗೆ ಪ್ರತಿ ಕಂಡಿಗೂ ತಲುಪಬೇಕಾದ ವೇಳೆಯನ್ನು ಬರೆದುಕೊಳ್ಳಲಾಗುತ್ತದೆ. ಮಲಗುವ ಮುನ್ನ ಮಾಡಬೇಕಾದ ಇನ್ನೊಂದು ಕೆಲಸವೆಂದರೆ ತಂಗುದಾಣದ ನೋಂದಣಿ ಪುಸ್ತಕದಲ್ಲಿ ಮರುದಿನದ ಗುರಿಯನ್ನು ಬರೆಯುವುದು. ತಂಡ ಕಾಣೆಯಾದರೆ ಹುಡುಕುವವರಿಗೆ ಮೊದಲ ಸುಳಿವು ಸಿಗುವುದು ಆ ಒಂದು ಸಾಲಿನಿಂದ.

ನಸುಕಿನಲ್ಲೇ ಹೊರಡುವುದೇಕೆ?

ವಸಂತಕಾಲದ ತಂಗುದಾಣಗಳಲ್ಲಿ ಬೆಳಗಿನ ಐದರ ಆಸುಪಾಸಿಗೇ ಉಪಾಹಾರ. ಥರ್ಮಾಸ್‌ಗೆ ಬಿಸಿ ಚಹಾ ತುಂಬಿಕೊಂಡು, ತಲೆಗೆ ದೀಪ ಕಟ್ಟಿಕೊಂಡು ತಂಡಗಳು ಕತ್ತಲಲ್ಲೇ ಹೊರಬೀಳುತ್ತವೆ. ಈ ಅವಸರಕ್ಕೆ ಕಾರಣ ಹಿಮದ ಸ್ವಭಾವ.

ಮಾರ್ಚ್ ಕಳೆದ ಮೇಲೆ ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗಿ ಒದ್ದೆಯಾಗುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಗಾಳಿಯ ಉಷ್ಣಾಂಶ ಶೂನ್ಯಕ್ಕಿಂತ ತುಸು ಮೇಲಿದ್ದರೂ ಇದು ಸಾಧ್ಯ. ಬೆಳಗಿನ ಹೊತ್ತಿಗೆ ಆ ಪದರ ಸಿಮೆಂಟ್ ನೆಲದಷ್ಟು ಗಡುಸು. ಅದರ ಕೆಳಗಿನ ಸಡಿಲ ಹಿಮವನ್ನೆಲ್ಲ ಅದು ಮುಚ್ಚಳದಂತೆ ಹಿಡಿದಿಟ್ಟಿರುತ್ತದೆ. ಹಿಮನದಿಯ ಬಿರುಕುಗಳ ಮೇಲೆ ಕಟ್ಟಿಕೊಂಡ ಹಿಮಸೇತುವೆಗಳು ಬಲವಾಗಿರುವುದೂ ಆ ಹೊತ್ತಿನಲ್ಲೇ. ಆದರೆ ರಾತ್ರಿ ಮೋಡ ಕವಿದರೆ ಅದು ಕಂಬಳಿ ಹೊದಿಸಿದಂತೆ. ಶಾಖ ಹೊರಹೋಗದೆ ಹಿಮ ಗಟ್ಟಿಯಾಗುವುದಿಲ್ಲ. ಹೀಗಾಗಿ ಮಾರ್ಗದರ್ಶಿಗಳು ನಸುಕಿನಲ್ಲಿ ಮೊದಲು ಮಾಡುವ ಕೆಲಸವೆಂದರೆ ಹೊರಗೆ ಬಂದು ನಕ್ಷತ್ರ ಕಾಣುತ್ತಿವೆಯೇ ಎಂದು ನೋಡಿ, ಕೋಲಿನಿಂದ ಹಿಮ ಚುಚ್ಚಿ ನೋಡುವುದು.

ಸೂರ್ಯ ಬಂದ ಮೇಲೆ ಮೊದಲು ಪೂರ್ವದ ಇಳಿಜಾರು, ನಂತರ ದಕ್ಷಿಣ, ಕೊನೆಗೆ ಪಶ್ಚಿಮದ ಇಳಿಜಾರು ಮೆದುವಾಗುತ್ತಾ ಹೋಗುತ್ತದೆ. ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಕರಗಿದಾಗ ಜಾರಲು ಅದಕ್ಕಿಂತ ಸೊಗಸಾದ ಹಿಮ ಇನ್ನೊಂದಿಲ್ಲ. ಅದನ್ನು ಅಲ್ಲಿಯವರು ಫಿರ್ನ್ ಎನ್ನುತ್ತಾರೆ. ಆ ಸೊಗಸು ಬಹಳ ಹೊತ್ತು ಉಳಿಯುವುದಿಲ್ಲ. ನೀರು ಒಳಗಿಳಿದು ಪದರಗಳ ಹಿಡಿತ ಸಡಿಲಗೊಳ್ಳುತ್ತಿದ್ದಂತೆ ಇಳಿಜಾರೇ ಕೆಳಗೆ ಬರುವ ಸಂಭವ ಹೆಚ್ಚುತ್ತದೆ. ಬೆಳಿಗ್ಗೆ 9ಕ್ಕೆ ಸುರಕ್ಷಿತವಾಗಿದ್ದ ಜಾಗ ಮಧ್ಯಾಹ್ನ 1ಕ್ಕೆ ಹಾಗಿರಬೇಕಿಲ್ಲ. ಒಂದು ಗಂಟೆ ತಡವಾಗಿ ಹೊರಟವರು ಒಂದು ಗಂಟೆ ತಡವಾಗಿ ತಲುಪುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅವರು ತಲುಪುವ ಇಳಿಜಾರು ಆ ಹೊತ್ತಿಗೆ ಬೇರೆಯದೇ ಆಗಿರುತ್ತದೆ.

ಏರುವ ಕ್ರಮ

ಏರುವಾಗ ನೇರ ಮೇಲಕ್ಕೆ ನಡೆಯುವುದಿಲ್ಲ. ಘಟ್ಟದ ರಸ್ತೆಯಂತೆ ಅಡ್ಡಡ್ಡಲಾಗಿ ಸಾಗಿ, ತಿರುವಿನಲ್ಲಿ ಒಂದೊಂದೇ ಹಲಗೆಯನ್ನು ಎತ್ತಿ ತಿರುಗಿಸಿ ದಿಕ್ಕು ಬದಲಿಸಲಾಗುತ್ತದೆ. ಹೆಜ್ಜೆ ನಿಧಾನ, ಆದರೆ ನಿಲ್ಲುವಂತಿಲ್ಲ. ಜೊತೆಯವರೊಡನೆ ಮಾತನಾಡುತ್ತಾ ಏರಲು ಸಾಧ್ಯವಾಗುವಷ್ಟೇ ವೇಗ ಸರಿ ಎಂಬುದು ಹಳಬರ ಮಾತು. 3,500 ಮೀಟರ್ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಆರಂಭದಲ್ಲಿ ಬೀಗಿದವರು ಮೂರನೆಯ ಕಂಡಿಯ ಹೊತ್ತಿಗೆ ಕುಸಿಯುತ್ತಾರೆ.

ಮೋಂ ಬ್ರುಲೆ ಕಂಡಿಯ ಕೊನೆಯ ಏರು ಕಡಿದಾಗಿದ್ದು, ಅನೇಕರು ಹಲಗೆಗಳನ್ನು ಬೆನ್ನಚೀಲಕ್ಕೆ ಕಟ್ಟಿಕೊಂಡು ಬೂಟಿಗೆ ಮುಳ್ಳು ತಗುಲಿಸಿ ಹತ್ತುತ್ತಾರೆ. ಹಿಮನದಿಯ ಮೇಲೆ ಬಿರುಕುಗಳ ಭಯವಿರುವ ಕಡೆ ತಂಡದವರು ಪರಸ್ಪರ ಹಗ್ಗದಿಂದ ಬಂಧಿಸಿಕೊಳ್ಳುತ್ತಾರೆ. ಬಿರುಕಿನ ಬಾಯಿ ಹಿಮದಿಂದ ಮುಚ್ಚಿ ಮೇಲೆ ಸಮತಟ್ಟಾಗಿ ಕಾಣುತ್ತದೆ. ಒಬ್ಬರು ಕೆಳಗೆ ಬಿದ್ದರೆ ಉಳಿದವರ ತೂಕವೇ ಅವರನ್ನು ತಡೆಯಬೇಕು. ಸ್ವಿಸ್ ಸೇನೆ ಇದೇ ಪ್ರದೇಶದಲ್ಲಿ ನಡೆಸುವ ಪತ್ರೂಯ್ ದೆ ಗ್ಲಾಸಿಯೆ ಎಂಬ ಸ್ಪರ್ಧೆಯ ಇತಿಹಾಸವೇ ಇದಕ್ಕೆ ಸಾಕ್ಷಿ. ಝೆರ್ಮಾಟ್‌ನಿಂದ ವೆರ್ಬಿಯೆವರೆಗಿನ ಈ ಓಟ 1943ರಲ್ಲಿ ಆರಂಭವಾಯಿತು. 1949ರಲ್ಲಿ ಮೂವರು ಸ್ಪರ್ಧಿಗಳು ಹಿಮಬಿರುಕಿಗೆ ಬಿದ್ದು ಮೃತಪಟ್ಟ ಬಳಿಕ ಅದನ್ನು ನಿಷೇಧಿಸಲಾಯಿತು. ಮತ್ತೆ ನಡೆದದ್ದು 1984ರಲ್ಲಿ. 2024ರ ಮಾರ್ಚ್‌ನಲ್ಲಿ ಬಲಿಯಾದ ತಂಡವೂ ಆ ವರ್ಷದ ಸ್ಪರ್ಧೆಗಾಗಿ ತಾಲೀಮಿಗೆ ಹೊರಟಿದ್ದುದು.

ಚಪ್ಪಡಿಯಂತೆ ಜಾರುವ ಹಿಮ

ಸ್ವಿಟ್ಜರ್‌ಲೆಂಡಿನಲ್ಲಿ ವರ್ಷಕ್ಕೆ ಸರಾಸರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಿಮಕುಸಿತಕ್ಕೆ ಬಲಿಯಾಗುತ್ತಾರೆ. ಮೇಲಿನಿಂದ ತಾನಾಗಿಯೇ ಉರುಳಿಬರುವ ಹಿಮವೇ ಎಲ್ಲರನ್ನೂ ಕೊಲ್ಲುತ್ತದೆ ಎಂಬ ಕಲ್ಪನೆ ಸರಿಯಲ್ಲ. ಸ್ಕೀ ಚಾರಣಿಗರ ಸಾವಿಗೆ ಕಾರಣವಾಗುವ ಹಿಮಕುಸಿತಗಳಲ್ಲಿ ಬಹುಪಾಲು ಅವರಿಂದಲೇ ಅಥವಾ ಅವರ ಸಂಗಡಿಗರಿಂದಲೇ ಆರಂಭವಾಗುತ್ತವೆ.

ನೆಲದ ಮೇಲೆ ಹರಡಿದ ರಾಗಿಕಾಳಿನ ಮೇಲೆ ಅಗಲವಾದ ಹಾಸುಗಲ್ಲನ್ನು ಓರೆಯಾಗಿ ಇಟ್ಟಂತೆ ಊಹಿಸಿಕೊಂಡರೆ ಇದರ ಬಗೆ ತಿಳಿಯುತ್ತದೆ. ಚಳಿಗಾಲದುದ್ದಕ್ಕೂ ಹಿಮ ಪದರಪದರವಾಗಿ ಬೀಳುತ್ತದೆ. ಅವುಗಳಲ್ಲಿ ಕೆಲವು ಪದರಗಳ ಹರಳುಗಳು ಸಕ್ಕರೆಯಂತೆ ಒಂದಕ್ಕೊಂದು ಅಂಟದೆ ಉಳಿಯುತ್ತವೆ. ಅದರ ಮೇಲೆ ಗಾಳಿ ತಂದು ಒತ್ತಿದ ಹಿಮ ಬಿಗಿಯಾದ ಚಪ್ಪಡಿಯಾಗಿ ಕೂರುತ್ತದೆ. ಇಳಿಜಾರು 30 ಡಿಗ್ರಿಗಿಂತ ಕಡಿದಾಗಿದ್ದು, ಒಬ್ಬ ಮನುಷ್ಯನ ತೂಕ ಆ ದುರ್ಬಲ ಪದರವನ್ನು ಮುರಿದರೆ ಬಿರುಕು ಕ್ಷಣಾರ್ಧದಲ್ಲಿ ಇಳಿಜಾರಿನಗಲಕ್ಕೂ ಓಡುತ್ತದೆ. ಇಡೀ ಚಪ್ಪಡಿ ಆತನನ್ನು ಹೊತ್ತು ಜಾರುತ್ತದೆ. ಕೆಲವೊಮ್ಮೆ ಸಮತಟ್ಟಾದ ಜಾಗದಲ್ಲೂ ಹೆಜ್ಜೆಯಿಟ್ಟೊಡನೆ ಹಿಮದೊಳಗಿನಿಂದ ಗುಂಯ್ ಎಂಬ ಮಂದ ಸದ್ದು ಕೇಳುತ್ತದೆ. ಒಳಪದರ ಕುಸಿದ ಸದ್ದದು. ಅದನ್ನು ಕೇಳಿದವರು ಕಡಿದಾದ ಇಳಿಜಾರುಗಳ ಯೋಚನೆಯನ್ನು ಆ ದಿನದ ಮಟ್ಟಿಗೆ ಬಿಡುವುದು ಒಳಿತು.

ಹಿಮದಡಿ ಹೂತವರನ್ನು ಹುಡುಕಲು ಪ್ರತಿಯೊಬ್ಬರ ಬಳಿಯೂ ಮೂರು ಸಾಧನಗಳಿರುತ್ತವೆ. 457 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಸಂಕೇತ ಕಳುಹಿಸುವ ಹಾಗೂ ಗ್ರಹಿಸುವ ಟ್ರಾನ್ಸ್‌ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಮಡಚು ಕಡ್ಡಿ ಮತ್ತು ಸಲಿಕೆ. ಬೆಳಿಗ್ಗೆ ಹೊರಡುವ ಮುನ್ನ ಪ್ರತಿಯೊಬ್ಬರ ಟ್ರಾನ್ಸ್‌ಸೀವರ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದು ಕಡ್ಡಾಯ. ಹತ್ತು ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಶೇ 90ರ ಆಸುಪಾಸಿನಲ್ಲಿದೆ. ಅರ್ಧ ಗಂಟೆಯ ಹೊತ್ತಿಗೆ ಅದು ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ ಎಂದು ಸ್ವಿಸ್ ಅಂಕಿಅಂಶಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಸಾವಿಗೆ ಮುಖ್ಯ ಕಾರಣ ಚಳಿಗಿಂತ ಉಸಿರುಕಟ್ಟುವಿಕೆ. ಹೆಲಿಕಾಪ್ಟರ್ ಎಷ್ಟೇ ಬೇಗ ಬಂದರೂ ಮೊದಲ ಹತ್ತು ನಿಮಿಷ ಸಂಗಡಿಗರದ್ದೇ. ಕಡಿದಾದ ಇಳಿಜಾರನ್ನು ಒಬ್ಬೊಬ್ಬರಾಗಿ, ಅಂತರ ಬಿಟ್ಟು ದಾಟುವುದು ಇದೇ ಕಾರಣಕ್ಕೆ. ಎಲ್ಲರೂ ಒಟ್ಟಿಗೆ ಹೂತುಹೋದರೆ ಅಗೆಯುವವರು ಯಾರು?

ಬಿಳಿಗತ್ತಲು

2018ರ ಹಾಗೂ 2024ರ ದುರಂತಗಳಲ್ಲಿ ಜೀವ ತೆಗೆದದ್ದು ಮುಖ್ಯವಾಗಿ ಬಿರುಗಾಳಿ ಮತ್ತು ಚಳಿ. ಎತ್ತರದ ಹಿಮನದಿಯ ಮೇಲೆ ಮೋಡ ಇಳಿದರೆ ಆಕಾಶ ಯಾವುದು, ನೆಲ ಯಾವುದು ತಿಳಿಯುವುದಿಲ್ಲ. ನೆರಳೂ ಇಲ್ಲ, ದಿಗಂತವೂ ಇಲ್ಲ. ಎದುರಿನ ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಕಾಲಿಗಷ್ಟೇ ಗೊತ್ತಾಗುತ್ತದೆ. ಇದನ್ನು ಬಿಳಿಗತ್ತಲು ಎನ್ನಬಹುದು. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಶೂನ್ಯಕ್ಕಿಂತ 23 ಡಿಗ್ರಿ ಕೆಳಗಿದ್ದಂತೆ. ಮೊಬೈಲ್ ಹಾಗೂ ಜಿಪಿಎಸ್ ಬ್ಯಾಟರಿಗಳು ಅಂತಹ ಚಳಿಯಲ್ಲಿ ಬೇಗ ಸೋಲುತ್ತವೆ. ಕೈಗವಸು ತೆಗೆದು ನಕ್ಷೆ ಬಿಚ್ಚುವುದೂ ಸಾಹಸವೇ.

2018ರಲ್ಲಿ ಆ ತಂಡ ಡಿಕ್ಸ್ ತಂಗುದಾಣದಿಂದ ಹೊರಟು ಪಿನ್ಯ್ ದಾರೊಲ್ಲಾ ಏರಿ ಇಳಿಯುವ ಹಾದಿಯಲ್ಲಿತ್ತು. ಮಾರ್ಗದರ್ಶಿಯೊಂದಿಗಿದ್ದ ಹತ್ತು ಮಂದಿಗೆ ದಾರಿಯಲ್ಲಿ ಬೇರೆ ನಾಲ್ವರು ಜೊತೆಯಾಗಿದ್ದರು. 2024ರಲ್ಲಿ ತಂಡದ ಒಬ್ಬರು ಅಂದು ಸಂಜೆ ತುರ್ತು ಸೇವೆಗೆ ಕರೆ ಮಾಡಲು ಸಾಧ್ಯವಾಯಿತು. ಆದರೆ ಬಿರುಗಾಳಿ ಮತ್ತು ಹಿಮಕುಸಿತದ ಭೀತಿಯಿಂದಾಗಿ ರಕ್ಷಣಾ ಸಿಬ್ಬಂದಿ ಸ್ಥಳ ತಲುಪಿದ್ದು ಮರುದಿನ ರಾತ್ರಿ. ತಂಡದವರು ಹಿಮದಲ್ಲಿ ಗುಹೆ ತೋಡಲು ಯತ್ನಿಸಿದ್ದರೆಂದು ರಕ್ಷಕರು ಆನಂತರ ತಿಳಿಸಿದ್ದರು. ವಾಲೆ ಪ್ರಾಂತ್ಯದಲ್ಲಿ 144 ಸಂಖ್ಯೆಗೆ ಕರೆ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಹೆಲಿಕಾಪ್ಟರ್ ಮೇಲೇಳುವ ವ್ಯವಸ್ಥೆಯಿದೆ. ಆದರೆ ಅದರ ಅಗತ್ಯ ಅತಿ ಹೆಚ್ಚಾಗಿರುವ ಹವೆಯಲ್ಲೇ ಅದು ಹಾರಲಾರದು.

ಹಿಂದಿರುಗುವ ನಿರ್ಧಾರ

ಹಾಗಾದರೆ ಬಲ್ಲವರು ಎಡವುವುದು ಎಲ್ಲಿ? ಪರ್ವತ ಸುರಕ್ಷತೆಯ ಶಿಕ್ಷಕರು ಬೆರಳು ತೋರಿಸುವುದು ಹಿಂದಿರುಗುವ ನಿರ್ಧಾರದತ್ತ.

ವಿನ್ಯೆಟ್‌ನಿಂದ ಝೆರ್ಮಾಟ್‌ಗೆ ಹೋಗುವ ಹಾದಿಯನ್ನೇ ನೋಡಿ. ಮೊದಲ ಕಂಡಿಯಲ್ಲಿ ಹವೆ ಕೆಟ್ಟರೆ ಹಿಂದಿನ ತಂಗುದಾಣಕ್ಕೆ ಮರಳಬಹುದು. ಅದನ್ನು ಇಳಿದ ಮೇಲೂ ಹಿಮನದಿಯ ಗುಂಟ ಅರೊಲ್ಲಾ ಊರಿಗೆ ಇಳಿದುಬಿಡಲು ಅವಕಾಶವಿದೆ. ಎರಡನೆಯ ಕಂಡಿ ದಾಟಿ ಇಟಲಿಯ ಹಿಮನದಿಗೆ ಇಳಿದ ಬಳಿಕ ಸುಲಭದ ದಾರಿಗಳು ಮುಗಿದವು. ಹಿಂದೆ ಹೋಗಲು ಅದೇ ಕಂಡಿಯನ್ನು ಮರಳಿ ಏರಬೇಕು, ಮುಂದೆ ದಿನದ ಅತಿ ಎತ್ತರದ ಕಂಡಿ. ಆದ್ದರಿಂದ ನಿಜವಾದ ನಿರ್ಧಾರ ಮೋಂ ಬ್ರುಲೆ ಏರುವ ಮುನ್ನವೇ ಆಗಬೇಕು. ಆಗ ಹೊತ್ತು ಬೆಳಗಿನ 9 ಅಥವಾ 10. ಬಿಸಿಲು ಹಿತವಾಗಿರಬಹುದು, ಪಶ್ಚಿಮದಲ್ಲಿ ಒಂದು ತೆಳು ಮೋಡ ಮಾತ್ರ ಕಾಣುತ್ತಿರಬಹುದು. ಯಾವ ಅಪಾಯವೂ ಕಣ್ಣಿಗೆ ಬೀಳದ ಗಳಿಗೆಯಲ್ಲಿ ಸಾಕು ಎನ್ನುವುದು ಕಷ್ಟ.

ಇದಕ್ಕೆ ಮನುಷ್ಯ ಸ್ವಭಾವವೂ ಸೇರಿಕೊಳ್ಳುತ್ತದೆ. ಐದು ದಿನ ನಡೆದು ಬಂದ ಮೇಲೆ ಕೊನೆಯ ದಿನ ಬಿಡಲು ಮನಸ್ಸು ಬರುವುದಿಲ್ಲ. ಹಣ ತೆತ್ತಾಗಿದೆ, ರಜೆ ಮುಗಿಯುತ್ತಿದೆ, ಮರುದಿನದ ರೈಲಿಗೆ ಟಿಕೆಟ್ ಆಗಿದೆ. ಮುಂದೆ ಇನ್ನೊಂದು ತಂಡದ ಜಾಡು ಕಾಣುತ್ತಿದ್ದರೆ ಅವರಿಗೆ ಗೊತ್ತಿರಲೇಬೇಕು ಎಂಬ ನಂಬಿಕೆ. ತಂಡದಲ್ಲಿ ಒಬ್ಬರಿಗೆ ಅಳುಕಿದ್ದರೂ ಉಳಿದವರ ಉತ್ಸಾಹ ಕಂಡು ಬಾಯಿ ಬಿಡುವುದಿಲ್ಲ. ಈ ಕಾರಣದಿಂದಲೇ ಹಿಂದಿನ ಸಂಜೆ, ಬೆಚ್ಚಗಿನ ಕೋಣೆಯಲ್ಲಿ, ಯಾರಿಗೂ ಆತುರವಿಲ್ಲದಾಗ ವೇಳೆಯನ್ನು ಬರೆದಿಡಲಾಗುತ್ತದೆ. ಇಂತಹ ಕಂಡಿಗೆ ಇಷ್ಟು ಗಂಟೆಯೊಳಗೆ ತಲುಪದಿದ್ದರೆ ಮರಳುವುದು ಎಂದು ಮೊದಲೇ ಒಪ್ಪಿಕೊಂಡಿದ್ದರೆ, ಮೇಲೆ ನಿಂತು ವಾದಿಸುವ ಪ್ರಮೇಯ ಬರುವುದಿಲ್ಲ. ತಂಡದ ಯಾರೇ ಒಬ್ಬರು ಬೇಡವೆಂದರೂ ಮರಳಬೇಕು ಎಂಬ ನಿಯಮ ಅನೇಕ ತಂಡಗಳಲ್ಲಿದೆ.

ಕೊನೆಯ ಇಳಿತ

ಹವೆ ಕೈಕೊಡದ ದಿನ ಮಧ್ಯಾಹ್ನದ ಹೊತ್ತಿಗೆ ವಾಲ್‌ಪೆಲ್ಲಿನ್ ಕಂಡಿ ತಲುಪಬಹುದು. ಅಲ್ಲಿ ನಿಂತವರಿಗೆ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ಎದುರಾಗುತ್ತದೆ. ಚಾಕೊಲೇಟ್ ಡಬ್ಬಿಗಳ ಮೇಲೆ ಕಾಣುವ ಪರಿಚಿತ ಮುಖಕ್ಕಿಂತ ಬೇರೆಯಾದ ಪಶ್ಚಿಮದ ಮಗ್ಗುಲು ಅದು. ಸ್ಕಿನ್ ಕಿತ್ತು, ಹಿಮ್ಮಡಿ ಬಿಗಿದು, ಸ್ಟಾಕ್‌ಯಿ ಹಿಮನದಿಯ ಗುಂಟ ಇಳಿತ ಆರಂಭ. ಬಿರುಕುಗಳು ಬಾಯ್ದೆರೆದ ಹಿಮ, ಮೇಲೆ ತೂಗುವ ಹಿಮಗೋಡೆಗಳು, ನಡುನಡುವೆ ಉದ್ದನೆಯ ನಯವಾದ ಇಳಿಜಾರು. ಮ್ಯಾಟರ್‌ಹಾರ್ನ್‌ನ ಉತ್ತರದ ಗೋಡೆಯ ಬುಡದಲ್ಲಿ ಝ್ಮುಟ್ ಕಣಿವೆ ಹಿಡಿದು ಸಾಗಿದರೆ, ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವಿಲ್ಲದ ಝೆರ್ಮಾಟ್ ಬೀದಿಗಳಲ್ಲಿ ದಿನ ಮುಗಿಯುತ್ತದೆ.

ದಣಿದ ಕಾಲುಗಳಿಗೆ ಈ ಭಾಗವೇ ಕಠಿಣ ಪರೀಕ್ಷೆ. ಆರೇಳು ಗಂಟೆ ಏರಿಳಿದ ಮೇಲೆ ತೊಡೆಗಳು ಮಾತು ಕೇಳುವುದಿಲ್ಲ. ಸಣ್ಣ ಬೀಳುವಿಕೆಯೂ ಮೊಣಕಾಲು ತಿರುಚಬಹುದು. ಇಳಿಯಲು ಶಕ್ತಿ ಉಳಿಸಿಕೊಂಡೇ ಏರಬೇಕೆಂದು ಹೇಳುವುದು ಅದಕ್ಕಾಗಿ.

ಬದಲಾಗುತ್ತಿರುವ ಪರ್ವತ

ಹಳೆಯ ಲೆಕ್ಕಗಳೂ ಈಗ ಕೆಲವೆಡೆ ತಪ್ಪುತ್ತಿವೆ. 2022 ಮತ್ತು 2023ರ ಎರಡೇ ವರ್ಷಗಳಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಗಳು ತಮ್ಮ ಒಟ್ಟು ಗಾತ್ರದ ಸುಮಾರು ಶೇ 10ರಷ್ಟನ್ನು ಕಳೆದುಕೊಂಡಿವೆ. ಹಿಮನದಿ ತಗ್ಗಿದಂತೆ ಅದರ ಅಂಚಿನ ಇಳಿಜಾರುಗಳು ಕಡಿದಾಗುತ್ತವೆ, ಹಿಂದೆ ಹಿಮದಡಿ ಇದ್ದ ಕಲ್ಲುರಾಶಿ ಹೊರಬರುತ್ತದೆ, ಹಿಮ ಕಡಿಮೆ ಬಿದ್ದ ವರ್ಷ ಬಿರುಕುಗಳ ಮೇಲಿನ ಸೇತುವೆ ತೆಳುವಾಗುತ್ತದೆ. ಹತ್ತು ವರ್ಷ ಹಿಂದಿನ ಮಾರ್ಗದರ್ಶಿ ಪುಸ್ತಕ ನಂಬಿ ಹೊರಡುವಂತಿಲ್ಲ. ಇನ್ನೊಂದೆಡೆ ಈ ಕ್ರೀಡೆಯತ್ತ ಆಕರ್ಷಿತರಾಗುವವರು ಹೆಚ್ಚುತ್ತಿದ್ದಾರೆ. ಇದರ ಸ್ಪರ್ಧಾರೂಪವನ್ನು 2026ರ ಮಿಲಾನೊ-ಕೊರ್ಟಿನಾ ಚಳಿಗಾಲದ ಕ್ರೀಡಾಕೂಟಕ್ಕೆ ಸೇರಿಸಲು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲೇ ನಿರ್ಧರಿಸಿತ್ತು.

ಸಾಧನಗಳು ಹಗುರವಾಗಿವೆ, ಮುನ್ಸೂಚನೆ ಕರಾರುವಾಕ್ಕಾಗಿದೆ, ನಕ್ಷೆ ಅಂಗೈಯಲ್ಲೇ ಸಿಗುತ್ತಿದೆ. ಆದರೂ ಈ ಹಾದಿಯಲ್ಲಿ ಜೀವ ಉಳಿಸುವ ಕ್ರಮ ಹಳೆಯದೇ. ಬೇಗ ಹೊರಡುವುದು, ನಿಗದಿಪಡಿಸಿದ ವೇಳೆ ಮೀರಿದರೆ ಆಕಾಶ ತಿಳಿಯಾಗಿದ್ದರೂ ಹಿಂದಿರುಗುವುದು. ಹಾಗೆ ಹಿಂದಿರುಗಿದವರ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವರು ಸಂಜೆ ತಂಗುದಾಣದಲ್ಲಿ ಬಿಸಿ ಸೂಪ್ ಕುಡಿದು, ನೋಂದಣಿ ಪುಸ್ತಕದಲ್ಲಿ ಮರುದಿನದ ಗುರಿಯನ್ನು ಮತ್ತೊಮ್ಮೆ ಬರೆಯುತ್ತಾರೆ.